ಕೂಗುಕಟ್ಟೆಯ ಸರದಿ

ಈಗಲೇ ಎತ್ತಬೇಕೇ, ಇನ್ನೊಬ್ಬರು ಎತ್ತಿದ ಮೇಲೆಯೇ? ಮೊದಲನೆಯವನಾಗುವುದು ಬೇಡ, ಎರಡನೆಯವನಾದರೆ ಸಾಕು ಎಂದು ಮನೆ ಬಿಡುವಾಗಲೇ ಅಂದುಕೊಂಡಿದ್ದೆ. ಇಲ್ಲಿ ಬಂದು ಕೂತ ಮೇಲೆ, ಎರಡನೆಯವನೂ ಒಂದು ಬಗೆಯಲ್ಲಿ ಮೊದಲನೆಯವನೇ ಅನ್ನಿಸುತ್ತಿದೆ. ಹತ್ತನೆಯವನಾದರೆ? ನಲವತ್ಮೂರು ಮಂದಿಯಲ್ಲಿ ಇಪ್ಪತ್ತೆರಡು ಕೈ ಬೇಕು. ಇಪ್ಪತ್ತೊಂದು ಕೈ ಎದ್ದಿರುವುದನ್ನು ಕಣ್ಣಾರೆ ಎಣಿಸಿ ಇಪ್ಪತ್ತೆರಡನೆಯದನ್ನು ನಾನು ಎತ್ತಿದರೆ ಭಯವಿಲ್ಲ. ಆದರೆ ಉಳಿದವರೂ ಹೀಗೆಯೇ ಕೂತು ಎಣಿಸುತ್ತಿದ್ದರೆ?

ಎಣಿಸುತ್ತಿದ್ದರು. ಸುಣ್ಣದ ಗೂಡಿನ ನೆರಳಿನಲ್ಲಿ ಚೀಲ ಹಾಸಿಕೊಂಡು ಕೂತಿದ್ದ ಅಷ್ಟೂ ಜನ ಕತ್ತು ತಿರುಗಿಸದೆ ಕಣ್ಣು ಮಾತ್ರ ತಿರುಗಿಸುತ್ತಿದ್ದರು. ಒಂದೇ ಒಂದು ಕೈ ಮೇಲಿತ್ತು. ಹುಲಿಗೆವ್ವನದು. ಮೊಣಕೈತನಕ ಬೆಳ್ಳಗಾದ ಆ ಕೈಯನ್ನು ಅವಳು ನೆಟ್ಟಗೆ ಹಿಡಿದಿದ್ದಳು. ನಡುವೆ ಒಮ್ಮೆ ದಣಿದು ಎಡಗೈಯಿಂದ ಆನಿಸಿಕೊಂಡಳು. ನನ್ನನ್ನು ನೋಡಿದಳು. ನಾನು ಮೊಣಕಾಲ ಮೇಲಿದ್ದ ನೋಟುಬುಕ್ಕನ್ನು ನೋಡಿದೆ. ಸಭೆಯ ಕಾರ್ಯದರ್ಶಿಗೆ ನೋಡಲು ಯಾವಾಗಲೂ ಒಂದು ನೋಟುಬುಕ್ಕು ಇರುತ್ತದೆ.

"ಪರ, ಒಂದು," ಎಂದ ರಾಚಪ್ಪ. ಆ ಮೂರು ತಿಂಗಳು ಅಧ್ಯಕ್ಷನಾಗುವ ಸರದಿ ಅವನದು. "ವಿರೋಧ?"

ನಲವತ್ತೆರಡು ಕೈಗಳು ಒಟ್ಟಿಗೆ ಎದ್ದವು. ಅವುಗಳಲ್ಲಿ ನನ್ನದೂ ಒಂದು. ಎತ್ತುವುದು ಎಷ್ಟು ಹಗುರವಾಗಿತ್ತೆಂದರೆ ಅದು ನನ್ನ ಕೈಯೇ ಎಂದು ಅನ್ನಿಸಲಿಲ್ಲ. ಹುಲಿಗೆವ್ವ ತನ್ನ ಕೈ ಇಳಿಸಿ ಏನೋ ಹೇಳಲು ಬಾಯಿ ತೆರೆದಳು. ತುಟಿ ಆಡಿತು, ದನಿ ಬರಲಿಲ್ಲ. ಮುಂದಿನ ಸಭೆಗೆ ಇನ್ನೂ ಮೂರು ತಿಂಗಳಿತ್ತು.

ನಮ್ಮೂರಲ್ಲಿ ಅದು ಹಾಗೆಯೇ. ಸೋತ ಕಡೆ ಕೈ ಎತ್ತಿದವರ ದನಿ ಮುಂದಿನ ಸಭೆಯ ತನಕ ಇರುವುದಿಲ್ಲ. ಎರಡೂ ಕಡೆ ಎತ್ತದೆ ಸುಮ್ಮನೆ ಕೂತವರದೂ ಇರುವುದಿಲ್ಲ. ಮೊದಮೊದಲು ಜನ ಇದನ್ನು ನಗುತ್ತಲೇ ಒಗ್ಗಿಸಿಕೊಂಡರು. ಹೆಂಡತಿಯ ಜೊತೆ ಜಗಳವಿದ್ದಾಗ ಸೋಲುವುದೇ ಛಲೋ ಎಂದು ರಾಚಪ್ಪ ಹೇಳುತ್ತಿದ್ದ. ಚಹಾದಂಗಡಿಯವನು ಬೆರಳು ನೋಡಿಯೇ ಸಕ್ಕರೆ ಎಷ್ಟೆಂದು ತಿಳಿಯುತ್ತಿದ್ದ. ಮಗಳ ಮದುವೆ ಇದ್ದವರು ಆ ಸಲದ ಸಭೆಯಲ್ಲಿ ಬಹಳ ಹುಷಾರಾಗಿರುತ್ತಿದ್ದರು. ಭಜನೆಯವರಂತೂ ಎಂದೂ ಸೋತವರಲ್ಲ. ಒಮ್ಮೆ ಕೈ ಎತ್ತುವುದು ಬೇಡ, ಮಡಕೆಯಲ್ಲಿ ಗುಟ್ಟಾಗಿ ಬಿಳಿಕಲ್ಲು ಕರಿಕಲ್ಲು ಹಾಕೋಣ ಎಂದು ಮಾಡಿ ನೋಡಿದೆವು. ಯಾರು ಎತ್ತ ಇದ್ದಾರೆಂದು ಯಾರಿಗೂ ಕಾಣದೆ, ಅಂಗಳದ ಅರ್ಧ ಜನ ಮೂಕರಾಗಿ ಮನೆಗೆ ಹೋದರು. ಆಮೇಲೆ ಮತ್ತೆ ಕೈ ಎತ್ತುವುದಕ್ಕೇ ಬಂದೆವು. ನೋಡಿ ಎತ್ತುವುದನ್ನು ಕಲಿತೆವು.

ಗೂಡು ನಮ್ಮದೇ. ಮೊದಲು ಒಬ್ಬ ಧಣಿಯದಾಗಿತ್ತು. ಅವನು ನಡೆಸಲಾರದೆ ಬಿಟ್ಟುಹೋದಾಗ ಕೂಲಿಯವರೆಲ್ಲ ಸೇರಿ ಸಂಘ ಮಾಡಿಕೊಂಡು ನಡೆಸತೊಡಗಿದೆವು. ಯಾರೂ ಯಾರಿಗೂ ಮೇಸ್ತ್ರಿಯಾಗಬಾರದೆಂದು ಪ್ರತಿ ಸೋಮವಾರ ಬೆಳಿಗ್ಗೆ ಒಂದು ಮಡಕೆಯಲ್ಲಿ ನಲವತ್ಮೂರು ಬಿಲ್ಲೆ ಹಾಕಿ ಕುಲುಕುತ್ತಿದ್ದೆವು. ಕಲ್ಲಂಗಳದಲ್ಲಿ ಕಲ್ಲು ಒಡೆಯುವುದು, ಬುಟ್ಟಿ ತುಂಬುವುದು, ಮೇಲಿನ ಕಟ್ಟೆಯಲ್ಲಿ ರಾಟೆ ತಿರುಗಿಸಿ ಬುಟ್ಟಿ ಎಳೆಯುವುದು, ಕೆಳಗೆ ಗೂಡಿನ ಬಾಯಲ್ಲಿ ಬೆಂದ ಸುಣ್ಣ ಕೆದಕಿ ತೆಗೆಯುವುದು, ಕೂಗುವುದು. ಕೈಗೆ ಯಾವ ಬಿಲ್ಲೆ ಬಂತೋ ಆ ವಾರ ಆ ಕೆಲಸ. ಕೂಗುವುದೆಂದರೆ ಇಷ್ಟು: ಕಲ್ಲಿನ ಬುಟ್ಟಿ ಮೇಲೇರುವಾಗ ಗೂಡಿನ ಬಾಯಲ್ಲಿ ನಿಂತವರ ತಲೆಯ ಮೇಲೆಯೇ ಹಾದುಹೋಗುತ್ತದೆ. ಅವರಿಗೆ ಹೊಗೆ ಮತ್ತು ದೂಳಿನಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಬುಟ್ಟಿ ನೆಲ ಬಿಡುವ ಮೊದಲು, ರಾಟೆ ಇರುವ ಅದೇ ಕಟ್ಟೆಯ ಮೇಲೆ, ಕೂಗುಕಟ್ಟೆಯಲ್ಲಿ, ನಿಂತವರು "ದೂರಾ!" ಎಂದು ಕೂಗಬೇಕು. ಕೆಳಗಿನವರು ಗೋಡೆಗೆ ಸರಿಯುತ್ತಾರೆ. ಬುಟ್ಟಿ ಮೇಲೆ ಬರುತ್ತದೆ.

ಹಿಂದಿನ ತಿಂಗಳು ಗಾಳಿಗೆ ಕೂಗು ಕೇಳದೆ ಒಬ್ಬನ ಭುಜದ ಮೇಲೆ ಕಲ್ಲು ಬಿದ್ದಿತ್ತು. ಅದಕ್ಕೇ ಹುಲಿಗೆವ್ವ ಕಟ್ಟೆಗೊಂದು ಗಂಟೆ ತರೋಣವೆಂದಳು. ಸಭೆಯ ಹಿಂದಿನ ಸಂಜೆ ನಮ್ಮ ಮನೆಗೂ ಬಂದಿದ್ದಳು. ಹೊಸ್ತಿಲಲ್ಲೇ ನಿಂತಿದ್ದಳು.

"ನೋಡು ಡಿಗ್ರಿ, ನಿಂದು ಕಡೀ ಮನಿ," ಎಂದಳು. ಬಿ.ಎ. ಓದಿ ಬಂದು ಕಲ್ಲು ಹೊತ್ತವನೆಂದು ಅಂಗಳದಲ್ಲಿ ನನ್ನನ್ನು ಯಾರೂ ಕೊಟ್ರೇಶ ಎಂದು ಕರೆಯುವುದಿಲ್ಲ. "ಎಲ್ಲಾರೂ ಹೂಂ ಅಂದಾರ. ಫಕೀರಣ್ಣ ಒಬ್ಬ ಬೈದು ಕಳಿಸಿದ. ಅಂವ ಬಿಡು. ನೀ ಎತ್ತಿದ್ರ ಉಳದವ್ರೂ ಎತ್ತತಾರ. ನಿನ್ನ ಮಾರಿ ನೋಡಿಕೋಂತ ಕುಂತಿರತಾರ ಅವ್ರು."

"ಎತ್ತತೀನಿ."

"ಆಣಿ ಮಾಡು."

"ಆಣಿ ಯಾಕ ಬೇಕು, ಎತ್ತತೀನಿ ಅಂದ್ನೆಲ್ಲ."

"ಎಲ್ಲಾರೂ ಹಿಂಗ ಅಂದ್ರು ನೋಡು," ಎಂದು ನಕ್ಕಳು. ನಕ್ಕಾಗ ಅವಳ ದನಿ ಒಡೆದ ಮಡಕೆಯಂತೆ ಬರುತ್ತಿತ್ತು, ಓಣಿಯ ಆಚೆಗೂ ಕೇಳುತ್ತಿತ್ತು.

ಸಭೆಯಲ್ಲಿ ಫಕೀರಣ್ಣ ಎದ್ದು ನಿಂತ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ, ಮಾತು ಕಡಿಮೆ. "ಗಂಟಿ ಅಂದ್ರ ಏನಂತ ಹುಲಿಗೆವ್ವಗ ಗೊತ್ತಿಲ್ಲ, ಆಕಿ ಆಮ್ಯಾಲ ಬಂದಾಕಿ. ನಮ್ಗ ಗೊತ್ತೈತಿ. ಧಣಿ ಗಂಟಿ ಬಾರಿಸಿದ್ರ ಏಳಬೇಕು, ಬಾರಿಸಿದ್ರ ಕುಂದ್ರಬೇಕು. ನೀಲವ್ವನ ಕಣ್ಣಾಗ ಸುಣ್ಣ ಸಿಡಿದಾಗ ನಾ ಆಕಿನ್ನ ಎತ್ಕೊಂಡು ಓಡಾಕತ್ತೀನಿ, ಹಿಂದ ಗಂಟಿ ಬಾರಿಸಾಕತ್ತಾರ, ಕೆಲಸಕ್ಕ ಹತ್ರಿ ಅಂತ. ಅದನ್ನ ನಾನ ಈ ಕೈಲೆ ಕೆರ್ಯಾಗ ಮುಳುಗಿಸೀನಿ. ಇನ್ನೊಂದು ತರೋದಾದ್ರ ತರ್ರಿ. ನನ್ನ ಹೆಣದ ಮುಂದ ಬಾರಿಸಾಕ ಆಗ್ತೈತಿ."

ಅವನು ಕೂತ. ಆಮೇಲೆ ರಾಚಪ್ಪ ಪರ ಯಾರೆಂದು ಕೇಳಿದ. ನಲವತ್ತೊಂದು ಮನೆಗಳ ಹೂಂ ಎಲ್ಲಿ ಹೋಯಿತೋ.

ನೀಲವ್ವ ನನ್ನ ಅಕ್ಕ. ಅಂದು ಕಣ್ಣು ಹೋದಾಗ ಅವಳಿಗೆ ಹತ್ತೊಂಬತ್ತು ವರ್ಷ. ಮನೆಯಲ್ಲಿ ನಾವಿಬ್ಬರೇ. ಬೆಳಿಗ್ಗೆ ನಾನು ಹೊರಡುವಾಗ, ಸಂಜೆ ಬರುವಾಗ ಒಂದು ಮಾತು ಆಡಬೇಕು. ಅಷ್ಟರ ಮೇಲೆ ಅವಳ ದಿನ ನಿಂತಿದೆ. ಸಂಘದ ಮೊದಲ ವರ್ಷ ನಾನು ಒಂದು ನಿರ್ಣಯ ಮಂಡಿಸಿದ್ದೆ: ಯಾವ ಕೆಲಸ ಯಾರ ಕೈಯಲ್ಲಿ ಆಗುವುದಿಲ್ಲವೋ ಅವರಿಗೆ ಆ ಬಿಲ್ಲೆ ಬಂದರೆ ಬದಲಿಸಿ ಕೊಡಬೇಕು. ಹಾಗೆ ಒಬ್ಬರಿಗೆ ಸಡಿಲ ಬಿಟ್ಟರೆ ನಾಳೆ ಗಟ್ಟಿಯವರೆಲ್ಲ ಹಗುರ ಕೆಲಸ ಹಿಡಿದು ಕೂರುತ್ತಾರೆಂದು ಜನ ಹೆದರಿದರು. ಅವರ ಹೆದರಿಕೆ ಸುಳ್ಳೂ ಆಗಿರಲಿಲ್ಲ. ಹನ್ನೊಂದು ಕೈಗಳೊಂದಿಗೆ ನಾನು ಸೋತೆ. ಮೂರು ತಿಂಗಳು ಮಾತಿಲ್ಲದೆ ಮನೆಗೆ ಹೋಗಿ ಬಂದೆ. ಹೊಸ್ತಿಲ ಮೇಲೆ ಮೂರು ಸಲ ಬಡಿಯುತ್ತಿದ್ದೆ. ಅಕ್ಕ ಒಳಗಿನಿಂದ, "ಬಡಿಯೋರು ಯಾರಾದ್ರೂ ಆಗಬಹುದು," ಎನ್ನುತ್ತಿದ್ದಳು. ನನ್ನ ಮುಖವನ್ನು ಎರಡೂ ಕೈಯಿಂದ ಸವರಿ ನೋಡಿ, "ನೀನ ಹೌದಲ್ಲೋ?" ಎಂದು ಕೇಳುತ್ತಿದ್ದಳು. ತಲೆಯಾಡಿಸಿದರೆ ಬೆರಳಿಗೆ ತಿಳಿಯುತ್ತಿತ್ತು, ನಂಬಿಕೆ ಬರುತ್ತಿರಲಿಲ್ಲ. ಎರಡನೆಯ ತಿಂಗಳಿಗೆ ನಾನು ಬಡಿಸಿದ್ದನ್ನು ಉಣ್ಣುವುದು ಬಿಟ್ಟಳು. ಪಕ್ಕದ ಮನೆಯವರು ಬಂದು, ಇವನೇ ನಿನ್ನ ತಮ್ಮ ಎಂದು ದಿನಾ ಹೇಳಬೇಕಾಯಿತು. ದನಿ ಬಂದ ದಿನ ಅವಳು ಅತ್ತದ್ದನ್ನು ಕಂಡು, ಇನ್ನೆಂದೂ ಸೋಲುವ ಕಡೆ ಕೈ ಎತ್ತುವುದಿಲ್ಲವೆಂದು ನನಗೆ ನಾನೇ ಆಣೆ ಮಾಡಿಕೊಂಡೆ. ಆ ಆಣೆ ಮಾತ್ರ ಮುರಿದಿಲ್ಲ.

ದನಿ ಮರಳಿದ ಆ ಸಭೆಯಲ್ಲೇ ಸರದಿಯ ನಿಯಮಗಳನ್ನು ಬರೆಯಲು ನನಗೇ ಹೇಳಿದರು. ಚೆನ್ನಾಗಿ ಬರೆದೆ. ಬಿದ್ದ ಬಿಲ್ಲೆಯನ್ನು ಯಾರೂ ನಿರಾಕರಿಸುವಂತಿಲ್ಲ, ಬದಲಿಸುವಂತಿಲ್ಲ. ಒಬ್ಬರ ಸರದಿಯ ಕೆಲಸವನ್ನು ಇನ್ನೊಬ್ಬರು ಮಾಡುವಂತಿಲ್ಲ. ಮಾಡಿದರೆ ಅದು ಸರಿಯೋ ತಪ್ಪೋ ಎಂದು ಸಭೆ ಕೈ ಎತ್ತಿ ತೀರ್ಮಾನಿಸತಕ್ಕದ್ದು. 'ಯಾವ ವಿನಾಯಿತಿಯೂ ಇಲ್ಲದೆ' ಎಂಬ ಮಾತು ನಾನೇ ಸೇರಿಸಿದ್ದು. ಕೇಳಲು ಗಟ್ಟಿಯಾಗಿತ್ತು.

ಗಂಟೆಯ ಸಭೆಯಾದ ಆರನೆಯ ಸೋಮವಾರ ಹುಲಿಗೆವ್ವ ಮಡಕೆಗೆ ಕೈ ಹಾಕಿ ಬಿಲ್ಲೆ ತೆಗೆದಳು. ನೋಡಿ, ಅದನ್ನು ಅಂಗೈ ಮೇಲೆ ಇಟ್ಟು ಎಲ್ಲರಿಗೂ ಕಾಣುವಂತೆ ಹಿಡಿದಳು. ಕೂಗು.

ದನಿ ಇಲ್ಲದವರ ಕೈಗೆ ಆ ಬಿಲ್ಲೆ ಬಂದದ್ದು ನಿಯಮ ಬರೆದ ಮೇಲೆ ಇದೇ ಮೊದಲು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ರಾಚಪ್ಪ ನನ್ನತ್ತ ತಿರುಗಿ, "ಏನ್ ಮಾಡೂಣು ಡಿಗ್ರಿ? ನಿಯಮ ಏನ್ ಹೇಳ್ತೈತಿ?" ಎಂದ.

ನಿಯಮ ಏನು ಹೇಳುತ್ತದೆಂದು ಅವನಿಗೆ ಗೊತ್ತಿತ್ತು. ನಾನು ಓದಿ ಹೇಳಿದೆ. ಕೊನೆಯ ಮಾತು ಬಂದಾಗ ನನ್ನ ದನಿ ತಗ್ಗಿತು, ಅಷ್ಟೇ.

"ಯಾರಾದ್ರೂ ತಿದ್ದುಪಡಿ ತರೋದಿದ್ರ ತರ್ರಿ, ಈಗ ಇಲ್ಲೇ ಸಭೆ ಮಾಡೂಣು," ಎಂದ ರಾಚಪ್ಪ. ಅವನು ಕೆಟ್ಟವನಲ್ಲ. ಸುತ್ತ ನೋಡಿದ. ನಾವೂ ಸುತ್ತ ನೋಡಿದೆವು. ಎಲ್ಲರ ಕೈಗಳೂ ಅವರವರ ಹತ್ತಿರವೇ ಇದ್ದವು. ಹುಲಿಗೆವ್ವ ಸ್ವಲ್ಪ ಹೊತ್ತು ಕಾದು, ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡು ಕಟ್ಟೆಯ ಮೆಟ್ಟಿಲು ಹತ್ತಿದಳು. ನನಗೆ ಆ ವಾರ ರಾಟೆ ಬಿದ್ದಿತ್ತು. ಅವಳ ಹಿಂದೆಯೇ ಹತ್ತಿದೆ.

ಮೊದಲ ದಿನ ಅವಳು ಮನೆಯಿಂದ ಒಂದು ಹಿತ್ತಾಳೆ ತಟ್ಟೆ ತಂದಿದ್ದಳು. ಬುಟ್ಟಿ ತುಂಬಿದಾಗ ಸೌಟಿನಿಂದ ಬಡಿದಳು. ಒಳ್ಳೆಯ ಸದ್ದು, ಕೆಳಗಿನವರು ಒಮ್ಮೆಗೇ ಗೋಡೆಗೆ ಹಾರಿದರು. ಮೂರನೆಯ ಬುಟ್ಟಿಗೆ ಫಕೀರಣ್ಣ ದೂಳಿನಿಂದ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟು ಮೇಲೆ ನೋಡಿದ.

"ಏ ಹುಲಿಗೆವ್ವಾ, ಅದೇನು?"

ಅವಳು ತಟ್ಟೆ ಎತ್ತಿ ತೋರಿಸಿದಳು.

"ತಟ್ಟಿ ಅಂತ ನನ್ಗೂ ಕಾಣತೈತಿ. ಬಾರಿಸಿದ್ರ ಗಂಟಿನ ಅದು. ನಲವತ್ತೆರಡು ಮಂದಿ ಬ್ಯಾಡ ಅಂದಾರ. ಮಂದಿ ಮಾತಿಗೆ ಬೆಲಿ ಇಲ್ಲೇನು ಈ ಅಂಗಳದಾಗ?"

ಅವಳು ನನ್ನ ಮುಖ ನೋಡಿದಳು. ಕಾರ್ಯದರ್ಶಿ ಹೇಳಲಿ ಎಂಬಂತೆ ಕೆಳಗಿನವರೂ ನೋಡಿದರು. "ನಿರ್ಣಯದಾಗ ಗಂಟಿ ಅಂತ ಐತಿ," ಎಂದೆ. "ತಟ್ಟಿ ಅಂತ ಇಲ್ಲ. ಆದ್ರ…" ಆದ್ರ ಎಂದ ಮೇಲೆ ಏನು ಹೇಳಬೇಕೆಂದಿದ್ದೆನೋ ನನಗೆ ತಿಳಿಯದು. ಹುಲಿಗೆವ್ವ ಕಾಯಲಿಲ್ಲ. ತಟ್ಟೆಯನ್ನು ಮಗುಚಿ ನೆಲಕ್ಕಿಟ್ಟು ಅದರ ಮೇಲೆ ಸೌಟು ಇಟ್ಟಳು.

ಅಂದಿನಿಂದ ಅವಳು ಇಳಿಯತೊಡಗಿದಳು. ಕಟ್ಟೆಗೆ ಮೂವತ್ತೆರಡು ಮೆಟ್ಟಿಲು. ಬುಟ್ಟಿ ತುಂಬಿತೆಂದು ಕಂಡ ಕೂಡಲೇ ಅಷ್ಟೂ ಇಳಿದು, ದೂಳಿನೊಳಗೆ ನುಗ್ಗಿ, ಗೂಡಿನ ಬಾಯಲ್ಲಿದ್ದ ನಾಲ್ವರ ಭುಜವನ್ನೂ ಒಬ್ಬೊಬ್ಬರಾಗಿ ಮುಟ್ಟಿ, ಅವರು ಗೋಡೆಗೆ ಸರಿದದ್ದನ್ನು ನೋಡಿ, ಮತ್ತೆ ಮೂವತ್ತೆರಡು ಹತ್ತಿ ಬಂದು ನನಗೆ ತಲೆಯಾಡಿಸುತ್ತಿದ್ದಳು. ಆಮೇಲೆ ನಾನು ರಾಟೆ ತಿರುಗಿಸುತ್ತಿದ್ದೆ. ದಿನಕ್ಕೆ ನಲವತ್ತು ಬುಟ್ಟಿ. ಎರಡನೆಯ ದಿನಕ್ಕೇ ಅವಳ ಕಾಲು ನಡುಗುತ್ತಿತ್ತು. ಕಲ್ಲಂಗಳದವರು ತುಂಬಿದ ಬುಟ್ಟಿಯ ಪಕ್ಕ ಕೂತು ಬೀಡಿ ಹಚ್ಚುತ್ತಿದ್ದರು. "ನಮ್ಮ ಹುಲಿಗೆವ್ವ ಭುಜ ಮುಟ್ಟಾಕ ಹೋದ್ರ ಒಂದು ನಿದ್ದಿ ಆಗ್ತೈತಿ ನೋಡಪಾ," ಎಂದು ಒಬ್ಬ ಹೇಳಿದ್ದು ಮೇಲಿನ ತನಕ ಕೇಳಿಸಿತು. ಗೂಡಿನ ಬಾಯಿಯವರು ಗೋಡೆಗೆ ಆತು ನಿಂತು ಬೇಸತ್ತು, ಬುಟ್ಟಿ ಹೋಯಿತೋ ಇನ್ನೂ ಹೋಗಬೇಕೋ ತಿಳಿಯದೆ, ಒಮ್ಮೊಮ್ಮೆ ಇಣುಕುತ್ತಿದ್ದರು.

ಅವಳು ಕೂಗುಕಟ್ಟೆಯ ಅಂಚಿನಲ್ಲಿ ಕೂತು ಕಾಲು ನೀವಿಕೊಳ್ಳುವಾಗ ನಾವಿಬ್ಬರೇ ಇರುತ್ತಿದ್ದೆವು. ನಾನು ಕೂಗಬಹುದಿತ್ತು. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಅವಳು ಒಂದು ಸಲವೂ ಹಾಗೆ ಕೇಳಿದಂತೆ ನೋಡಲಿಲ್ಲ. ನಾನು ಕೂಗಿದರೆ ಅದು ಸಭೆಗೆ ಹೋಗುತ್ತದೆ, ಅಲ್ಲಿ ನಾನು ಒಂದು ಕಡೆ ನಿಲ್ಲಬೇಕಾಗುತ್ತದೆ, ಸೋತರೆ ನಮ್ಮ ಮನೆಯಲ್ಲಿ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಬುಧವಾರ ಮಧ್ಯಾಹ್ನ ತನ್ನ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ಕೊಟ್ಟಳು. ತಿಂದೆ. ಮಾತು ಕಳೆದುಕೊಂಡವಳು ಅವಳು, ಆದರೆ ಕಟ್ಟೆಯ ಮೇಲಿನ ಮೌನ ನನ್ನದಾಗಿತ್ತು.

ಶುಕ್ರವಾರ, ಹೊತ್ತು ಏರುವ ಸಮಯ. ಅವಳು ಇಳಿದಳು, ಮುಟ್ಟಿದಳು, ಹತ್ತಿ ಬಂದಳು. ಮೆಟ್ಟಿಲ ಕೊನೆಯಲ್ಲಿ ಕುಸಿದು ಕೂತು ಉಸಿರು ಹಿಡಿದುಕೊಂಡು, ಆಮೇಲೆ ತಲೆಯಾಡಿಸಿದಳು. ರಾಟೆ ತಿರುಗಿಸಿದೆ. ಬುಟ್ಟಿ ಅರ್ಧ ದಾರಿ ಬಂದಾಗ ಹಗ್ಗ ಒಂದು ಪಕ್ಕಕ್ಕೆ ಎಳೆದಂತಾಯಿತು. ಬುಟ್ಟಿಯ ಒಂದು ಕಿವಿ ಬಿಚ್ಚಿಕೊಂಡಿತ್ತು. ಅದು ವಾಲಿ, ನಿಧಾನವಾಗಿ ಸುತ್ತತೊಡಗಿತು. ನಾನು ರಾಟೆಯನ್ನು ಎದೆಯಿಂದ ಒತ್ತಿ ಹಿಡಿದು ನಿಲ್ಲಿಸಿದೆ. ಆಗಲೇ ಕೆಳಗೆ ದೂಳಿನಲ್ಲಿ ಫಕೀರಣ್ಣನ ಕೆಂಪು ರುಮಾಲು ಕಂಡಿತು. ಬುಟ್ಟಿ ಆಗಲೇ ಹೋಗಿರಬೇಕೆಂದುಕೊಂಡು ಅವನು ಗೋಡೆ ಬಿಟ್ಟು ಬಂದು ತನ್ನ ಕೆದಕುಗೋಲು ಹುಡುಕುತ್ತಿದ್ದ.

ಹುಲಿಗೆವ್ವ ಎದ್ದು ನಿಂತಳು. ಅವಳ ಬಾಯಿ ಪೂರ್ತಿ ತೆರೆಯಿತು. ಕತ್ತಿನ ನರಗಳೆಲ್ಲ ಎದ್ದವು. ಏನೂ ಕೇಳಿಸಲಿಲ್ಲ. ಅವಳು ನೆಲಕ್ಕೆ ಕಾಲು ಬಡಿದಳು, ತಟ್ಟೆಗಾಗಿ ತಡಕಾಡಿದಳು. ಅದನ್ನು ಸೋಮವಾರವೇ ಮನೆಗೆ ಒಯ್ದಿದ್ದಳು. ಆಮೇಲೆ ಬಂದು ನನ್ನ ಎರಡೂ ಭುಜ ಹಿಡಿದು ಅಲುಗಿಸಿದಳು.

ಸಮಯವಿತ್ತು. ಇದನ್ನು ಇಲ್ಲಿ ಬರೆದಿಡಬೇಕು. ನಾನು ಆಮೇಲೆ ಎಷ್ಟೋ ಸಲ ಎಣಿಸಿ ನೋಡಿದ್ದೇನೆ. ನಿಧಾನವಾಗಿ ಎಣಿಸಿದರೂ ಎಂಟರ ತನಕ ಬರುತ್ತದೆ. ಆ ಎಂಟರಲ್ಲಿ ನಾನು ಮಾಡಿದ್ದು ಒಂದೇ. ಸುತ್ತ ನೋಡಿದೆ. ಕಲ್ಲಂಗಳದಲ್ಲಿ ಆರು ಮಂದಿ ಎದ್ದು ನಿಂತಿದ್ದರು. ಅವರೂ ರುಮಾಲು ಕಂಡಿದ್ದರು. ಆರು ಮಂದಿಗೂ ದನಿ ಇತ್ತು. ಆರು ಮಂದಿಯೂ ಕತ್ತು ತಿರುಗಿಸದೆ ಕಣ್ಣು ಮಾತ್ರ ತಿರುಗಿಸಿ, ಯಾರು ಕೂಗುತ್ತಾರೆಂದು ನೋಡುತ್ತಿದ್ದರು. ಅವರಲ್ಲಿ ಮೂವರು ನನ್ನ ಮುಖ ನೋಡುತ್ತಿದ್ದರು.

ಕಲ್ಲುಗಳು ಬಿದ್ದವು. ಆಮೇಲೆ ಎಲ್ಲರೂ ಕೂಗಿದರು.

ಅವನನ್ನು ಹೊರಗೆ ಎಳೆದು ಚೀಲದ ಮೇಲೆ ಮಲಗಿಸಿದಾಗ ಉಸಿರು ಇರಲಿಲ್ಲ. ಹುಲಿಗೆವ್ವ ತನ್ನ ಸೆರಗಿನಿಂದ ಅವನ ಮುಖದ ಸುಣ್ಣ ಒರೆಸಿದಳು. ನೀರು ತಾಗಿದರೆ ಸುಡುತ್ತದೆಂದು ಒಣ ಬಟ್ಟೆಯಲ್ಲೇ ಒರೆಸಿದಳು; ಸತ್ತವನಿಗೆ ಸುಡುವುದಿಲ್ಲ ಎಂದು ಯಾರೂ ಅವಳಿಗೆ ಹೇಳಲಿಲ್ಲ.

ಒಂಬತ್ತನೆಯ ದಿನ ತುರ್ತು ಸಭೆ ಸೇರಿತು. ರಾಚಪ್ಪ ಬಹಳ ಸೊರಗಿದ್ದ. "ಇದು ಯಾರ ತಪ್ಪೂ ಅಲ್ಲ ಅಂತ ನಿರ್ಣಯ ಮಾಡೂಣು," ಎಂದ. "ನಿಯಮದ ಪ್ರಕಾರ ಎಲ್ಲಾರೂ ಅವರವರ ಕೆಲಸ ಮಾಡ್ಯಾರ. ಯಾರ ಮ್ಯಾಲೂ ಬೆರಳು ತೋರಿಸೂದು ಬ್ಯಾಡ. ಅಂವ ಇದ್ದಿದ್ರ ಅವನೂ ಇದನ್ನ ಅಂತಿದ್ದ." ಅದು ನಿಜ. ಫಕೀರಣ್ಣ ಇದ್ದಿದ್ದರೆ ಹಾಗೆಯೇ ಅನ್ನುತ್ತಿದ್ದ.

ಪರ ಎಂದಾಗ ನಲವತ್ತೆರಡು ಕೈಗಳು ಎದ್ದವು. ಕೊನೆಯದು ಹುಲಿಗೆವ್ವನದು. ಅವಳೂ ಸುತ್ತ ನೋಡಿಯೇ ಎತ್ತಿದಳು. ಸರ್ವಾನುಮತ ಎಂದು ಬರೆದು ಕೆಳಗೆ ಗೆರೆ ಎಳೆದೆ. ಗಂಟೆಯ ಮಾತನ್ನು ಯಾರೂ ತೆಗೆಯಲಿಲ್ಲ.

ಅಂದಿನಿಂದ ಅವಳಿಗೆ ದನಿ ಮರಳಿರಬೇಕು. ಖಂಡಿತವಾಗಿ ಹೇಳುವವರಿಲ್ಲ, ಯಾರೂ ಕೇಳಿಲ್ಲ. ಅಂಗಡಿಯಲ್ಲಿ ಬೆರಳು ತೋರಿಸಿ ಚಹಾ ತರಿಸಿಕೊಳ್ಳುತ್ತಾಳೆ. ದಾರಿಯಲ್ಲಿ ಎದುರಾದರೆ ತಲೆಯಾಡಿಸುತ್ತಾಳೆ, ರಾಟೆ ತಿರುಗಿಸು ಎಂದು ಅಂದು ಆಡಿಸಿದಂತೆಯೇ. ಸೋಮವಾರದ ಮಡಕೆ ಈಗಲೂ ಕುಲುಕುತ್ತೇವೆ. ಫಕೀರಣ್ಣನ ಪಾಲಿನದೆಂದು ಒಂದು ಬಿಲ್ಲೆಯನ್ನು ತೆಗೆದುಹಾಕಿದ್ದೇವೆ.

ಆ ಸಭೆಯಿಂದ ಮನೆಗೆ ಹೋದಾಗ ಹೊಸ್ತಿಲಲ್ಲೇ, "ಅಕ್ಕಾ, ನಾನು," ಎಂದೆ. ಅವಳು ಗೋಡೆ ಹಿಡಿದು ಬಂದು ನನ್ನ ಎದುರು ಕೂತಳು. ಒಂಬತ್ತು ದಿನ ಅವಳು ಏನನ್ನೂ ಕೇಳಿರಲಿಲ್ಲ.

"ತಮ್ಮಾ, ಫಕೀರಣ್ಣ ನನ್ನ ಎತ್ಕೊಂಡು ಓಡಿದ ದಿನ ನನ್ಗ ಏನೂ ಕಾಣವಲ್ದಾಗಿತ್ತು. ದಾರಿ ಪೂರ್ತಿ ಅಂವ ಕೂಗಿಕೋಂತ ಓಡಿದ. ಸರೀರಿ, ದಾರಿ ಬಿಡ್ರಿ, ಸರೀರಿ ಅಂತ. ಆ ಕೂಗು ಇನ್ನಾ ಕಿವ್ಯಾಗ ಐತಿ ನನ್ಗ." ಮುಖವನ್ನು ನನ್ನ ದನಿ ಬಂದ ಕಡೆ ತಿರುಗಿಸಿದಳು. "ಅವನ ಪಾಲಿಗೆ ಕೂಗೋರು ಯಾರೂ ಇರಲಿಲ್ಲೇನು ಅಲ್ಲಿ?"

"ಹುಲಿಗೆವ್ವಗ ದನಿ ಇರಲಿಲ್ಲಕ್ಕಾ," ಎಂದೆ.

"ಪಾಪ," ಎಂದಳು ಅಕ್ಕ. ಕೈ ಚಾಚಿ, ಎಂದಿನಂತೆ, ನನ್ನ ಮುಖವನ್ನೊಮ್ಮೆ ಮುಟ್ಟಿದಳು. ಎದ್ದು ಒಳಗೆ ಹೋಗಿ ಎರಡು ತಾಟು ಹಾಕಿದಳು.

ಕಟ್ಟೆಯ ಮೇಲೆ ನಾನೂ ಇದ್ದೆ, ನನಗೆ ದನಿ ಇತ್ತು ಎಂದು ನಾನು ಅವಳಿಗೆ ಹೇಳಲಿಲ್ಲ.